ಪ್ರೇಕ್ಷಕರ ವರ್ಣಾಭಿರುಚಿ ಮತ್ತು ಕ್ರೀಡಾಪಟುವಿನ ಸಾಧನೆ

ಕ್ರೀಡಾಂಗಣದಲ್ಲಿ ನೆರೆದ ಜನಸ್ತೋಮದ ರಾಗದ್ವೇಷಗಳು ಆಟಗಾರನ ಖ್ಯಾತಿಯನ್ನೂ ಸಂಭಾವನೆಯನ್ನೂ ಪ್ರಭಾವಿಸುವುವೆಂಬುದನ್ನು ವಿದ್ವಾಂಸರು ಒಪ್ಪಿರುವರಾದರೂ, ಅವು ಆಟದೊಳಕ್ಕೇ ಇಳಿದು ಅವನ ಕಾಲಿನ ವೇಗವನ್ನೂ ಚಿತ್ತಸ್ಥೈರ್ಯವನ್ನೂ ಕುಗ್ಗಿಸಬಲ್ಲವೆಂಬುದನ್ನು ಪ್ರಮಾಣಸಹಿತವಾಗಿ ತೋರುವುದು ದುಷ್ಕರವಾಗಿತ್ತು; ನೋಡುಗರನ್ನು ಹೊರಗಿರಿಸಿ ಅದೇ ಆಟವನ್ನು ಆಡಿಸುವ ಸಂದರ್ಭ ಸುಲಭವಾಗಿ ಒದಗುವಂಥದಲ್ಲ. 2020ರಲ್ಲಿ ಕೊರೊನಾ ಮಹಾಮಾರಿಯು ಇಟಲಿಯ ಫುಟ್‌ಬಾಲ್ ಅಂಗಣಗಳನ್ನು ಬರಿದುಮಾಡಿದಾಗ ಆ ಸಂದರ್ಭ ತಾನಾಗಿ ಬಂದಿತು. ಕಾಸೆಲ್ಲಿ, ಫಾಲ್ಕೊ, ಮಟ್ಟೇರಾ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿಯ ಅಗ್ರಶ್ರೇಣಿಯ ಪಂದ್ಯಗಳನ್ನು ಪರಿಶೀಲಿಸಿ, ಜನಾಂಗನಿಂದನೆಗೆ ಹೆಚ್ಚಾಗಿ ಗುರಿಯಾಗುತ್ತಿದ್ದ ಆಫ್ರಿಕಾದ ಆಟಗಾರರ ಸಾಧನೆಯು ಪ್ರೇಕ್ಷಕರಿಲ್ಲದಾಗ ಸುಮಾರು ಶೇಕಡಾ 3ರಷ್ಟು ಮೇಲೇರಿದುದನ್ನು ಕಂಡರು.

ಆಟಗಾರನನ್ನು ವರ್ಣದಿಂದ ಅಳೆಯುವ ಈ ವಿಷಯವು ನಮ್ಮ ಮಲೆನಾಡಿಗೆ ಪರಕೀಯವಲ್ಲ. ಸಾಗರದಿಂದ ಬಡಗಣಕ್ಕೆ ಸಿದ್ದಾಪುರ, ಶಿರಸಿಗಳನ್ನು ದಾಟಿದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿಯರ ವಸತಿಗಳಿವೆ. ಇವರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಅವರಲ್ಲೂ ಹಲವರು ಪೋರ್ಚುಗೀಸರ ಗುಲಾಮರಾಗಿ ಗೋವೆಗೆ ತರಲ್ಪಟ್ಟವರ, ಸಂತತಿಯವರು. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಈ ಸಮುದಾಯದ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆದ್ದರೂ ಮುಂದಿನ ದಶಕದ ಆರಂಭದಲ್ಲೇ ಆ ಯೋಜನೆ ನಿಂತುಹೋಯಿತು. ಆಫ್ರಿಕಾದ ರಕ್ತವಿರುವವನು ಓಡಿಯೇ ಓಡುವನೆಂಬ ನಂಬಿಕೆ ಆ ಆಯ್ಕೆಯ ಮೂಲದಲ್ಲಿತ್ತು. ಇಟಲಿಯ ಗ್ಯಾಲರಿಯ ಕೂಗು ದ್ವೇಷ, ಈ ನಂಬಿಕೆ ಮೆಚ್ಚುಗೆ. ಆದರೂ ಎರಡರಲ್ಲಿಯೂ ವ್ಯಕ್ತಿ ಮರೆಯಾಗಿ ವರ್ಣವೊಂದೇ ಉಳಿಯುತ್ತದೆ. ಗೆದ್ದರೆ ರಕ್ತದ ಗುಣ, ಸೋತರೆ ಅವನದೇ ಆಲಸ್ಯವೆಂದು ತೀರ್ಪು ನೀಡುವ ಪ್ರಶಂಸೆಯನ್ನು ಹದಿಹರೆಯದ ಹೆಗಲಿನ ಮೇಲೆ ಹೊರಿಸುವುದನ್ನು ನಾನು ನಿಂದನೆಗಿಂತ ಲಘುವೆಂದು ಎಣಿಸಲಾರೆ.

ನೋಡುಗರ ಇಂಥ ನಿಂದನೆ, ಹೊಗಳಿಕೆಗಳು ಆಟದ ಮೇಲೆ ಬೀರುವ ಪರಿಣಾಮವನ್ನು ಸೂಕ್ಷ್ಮವಾಗಿ ಅಳೆಯಲು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೊನಲು ಬೆಳಕಿನ ಕಬಡ್ಡಿ ಅಂಕಣಗಳು ಯೋಗ್ಯಕ್ಷೇತ್ರ. ಅಲ್ಲಿ ಗೆರೆಗೂ ನೋಡುಗನಿಗೂ ನಡುವೆ ಗ್ಯಾಲರಿಯ ಅಂತರವಿಲ್ಲ. ಒಂದೇ ಉಸಿರಿನಲ್ಲಿ ‘ಕಬಡ್ಡಿ’ ಎನ್ನುತ್ತ ದಾಳಿಗೆ ಹೋದವನ ಕಿವಿಗೆ ತನ್ನ ಮೈಬಣ್ಣವನ್ನೋ ಜಾತಿಯನ್ನೋ ಹಿಡಿದೆತ್ತಿದ ಒಂದು ಮಾತು ಬಿದ್ದರೆ ಸಾಕು, ಉಸಿರು ತಪ್ಪಲು ಕಾಲಾವಕಾಶ ಬೇಕಿಲ್ಲ. ವರ್ಣವೂ ಜಾತಿಯೂ ಒಂದೇ ಅಲ್ಲ. ಆದರೆ ಪ್ರೇಕ್ಷಕನು ಆಟಕ್ಕೆ ಮೊದಲೇ ಆಟಗಾರನನ್ನು ವಿಂಗಡಿಸಿಕೊಳ್ಳುವ ಕ್ರಮವು ಎರಡಕ್ಕೂ ಸಮಾನ. ಆದಕಾರಣ ಒಬ್ಬನೇ ಆಟಗಾರನು ತನ್ನೂರ ಅಂಕಣದಲ್ಲಿಯೂ, ಪರಸ್ಥಳದಲ್ಲಿಯೂ, ಜನರಿಲ್ಲದ ಅಭ್ಯಾಸದಲ್ಲಿಯೂ ಗಳಿಸುವ ಅಂಕಗಳನ್ನು ಹಲವು ಋತುಗಳವರೆಗೆ ಬರೆದಿಟ್ಟು ತೂಗಿನೋಡಬೇಕು. ನಿಂದನೆಯೊಡನೆ ಹೊಗಳಿಕೆಯ ಮಾತುಗಳನ್ನೂ ಆ ದಾಖಲೆಯಲ್ಲಿ ಸೇರಿಸಬೇಕು.