ಸ್ಫೋಟಕ್ಕೆ ಕುಸಿಯದ ಕಟ್ಟಡ: ಒಂದು ವಿದ್ಯೆ ಬೆಳೆದ ಬಗೆ

ಸ್ಫೋಟದ ಅಲೆ ಕಟ್ಟಡವನ್ನು ಹೊಡೆದು ಹೋಗಲು ಕೆಲವೇ ಮಿಲಿಸೆಕೆಂಡು ಸಾಕು. ಆದರೆ ದೊಡ್ಡ ದುರಂತಗಳಲ್ಲಿ ಸಾವುನೋವು ಹೆಚ್ಚಿದ್ದು ಅದರ ನಂತರ: ಕಂಬ ಮುರಿದು ಮಹಡಿಗಳು ಕುಸಿದಾಗ, ಗಾಜಿನ ಚೂರುಗಳು ಹಾರಿದಾಗ. ಈ ಸತ್ಯ ಎಂಜಿನಿಯರುಗಳಿಗೆ ಮನದಟ್ಟಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಜಾನ್ ಬೇಕರ್ ಮನೆಯೊಳಗೇ ಇಡಬಹುದಾದ ಮಾರಿಸನ್ ಆಶ್ರಯವನ್ನು ರೂಪಿಸಿದರು. ಮೇಜಿನಾಕಾರದ ಈ ಉಕ್ಕಿನ ಗೂಡು 1941ರಿಂದ ಲಕ್ಷಾಂತರ ಮನೆ ಸೇರಿತು. ಮೇಲಿನ ಮಹಡಿ ಕುಸಿದು ಬಿದ್ದರೆ ಉಕ್ಕು ಬಾಗುತ್ತಿತ್ತು, ಆ ಬಾಗುವಿಕೆಯಲ್ಲೇ ಹೊಡೆತದ ಶಕ್ತಿ ಕರಗುತ್ತಿತ್ತು, ಒಳಗಿದ್ದವರು ಉಳಿಯುತ್ತಿದ್ದರು. ಮುರಿಯದೆ ಬಾಗಬೇಕು ಎಂಬ ಈ ತತ್ವವೇ ಮುಂದಿನದಕ್ಕೆಲ್ಲ ಅಡಿಪಾಯ.

ಯುದ್ಧದ ನಂತರ ಈ ಜ್ಞಾನ ಹೆಚ್ಚಾಗಿ ಸೇನೆಯ ಮದ್ದುಗುಂಡು ಕಾರ್ಖಾನೆ, ಉಗ್ರಾಣಗಳ ಸುತ್ತಲೇ ಬೆಳೆಯಿತು. ಸ್ಫೋಟ ತಾಳುವ ಕಟ್ಟಡಗಳಿಗಾಗಿ ಭಾರತದ ಐಎಸ್ 4991 ಮಾನದಂಡ 1968ರಲ್ಲಿ ಬಂತು, ಅಮೆರಿಕ ಸೇನೆಯ ಟಿಎಂ 5-1300 ಕೈಪಿಡಿ 1969ರಲ್ಲಿ.

ಜನವಸತಿಯ ಕಟ್ಟಡಗಳತ್ತ ಗಮನ ಸೆಳೆದದ್ದು ಬಾಂಬಲ್ಲ, ಅಡುಗೆ ಅನಿಲ. 1968ರ ಮೇ 16ರಂದು ಲಂಡನ್ನಿನ 22 ಮಹಡಿಯ ರೋನನ್ ಪಾಯಿಂಟ್‌ನಲ್ಲಿ, 18ನೇ ಮಹಡಿಯ ಅನಿಲ ಸ್ಫೋಟಕ್ಕೆ ಭಾರ ಹೊತ್ತ ಗೋಡೆ ಹೊರಕ್ಕೆ ಹಾರಿತು. ಮೇಲಿನ ಮಹಡಿಗಳು ಕುಸಿದವು, ಅವುಗಳ ಹೊಡೆತಕ್ಕೆ ಕೆಳಗಿನವೂ ಉರುಳಿ ಇಡೀ ಮೂಲೆಯೇ ನೆಲಸಮವಾಯಿತು. ನಾಲ್ವರು ಸತ್ತರು. ಒಂದು ಆಧಾರ ಹೋದರೂ ಕುಸಿತ ಸೀಮಿತವಾಗಿರಬೇಕು, ಇಲ್ಲವೇ ಆ ಆಧಾರ 34 ಕಿಲೊಪ್ಯಾಸ್ಕಲ್ ಒತ್ತಡ ತಾಳಬೇಕು ಎಂದು ಬ್ರಿಟನ್ ನಿಯಮ ಮಾಡಿತು. 1974ರಲ್ಲಿ ಫ್ಲಿಕ್ಸ್‌ಬರೋ ರಾಸಾಯನಿಕ ಸ್ಥಾವರದ ಸ್ಫೋಟದಲ್ಲಿ ಸತ್ತ 28 ಮಂದಿಯಲ್ಲಿ 18 ಮಂದಿ ನಿಯಂತ್ರಣ ಕೊಠಡಿಯಲ್ಲಿದ್ದವರು. ಅಂಥ ಕೊಠಡಿಗಳನ್ನು ಸ್ಫೋಟ ತಾಳುವಂತೆ ಕಟ್ಟುವ ಅಗತ್ಯ ಉದ್ಯಮಕ್ಕೆ ಆಗ ಅರಿವಾಯಿತು.

1995ರ ಏಪ್ರಿಲ್ 19ರ ಒಕ್ಲಹೋಮ ಸಿಟಿ ದಾಳಿ ಈ ಕ್ಷೇತ್ರದ ಅತಿ ಕಹಿ ಪಾಠ. ಟ್ರಕ್ ಬಾಂಬಿಗೆ ಅಮೆರಿಕ ಸರ್ಕಾರದ ಕಚೇರಿಯಾದ ಮರ‍್ರಾ ಕಟ್ಟಡದ ಮುಂಭಾಗದ ಕಂಬಗಳು ಮುರಿದವು. ಮೇಲಿನ ಕಂಬಗಳನ್ನು ಹೊತ್ತಿದ್ದ ಮೂರನೇ ಮಹಡಿಯ ದೊಡ್ಡ ಬೀಮ್ ಆಧಾರ ಕಳೆದುಕೊಂಡು ಉರುಳಿತು. ಸತ್ತವರು 168 ಮಂದಿ, ಬಹುಪಾಲು ಕುಸಿದ ಭಾಗದಲ್ಲಿದ್ದವರು. ಭೂಕಂಪಕ್ಕೆ ಮಾಡುವಂತೆ ಕಂಬಿಗಳನ್ನು ಅಖಂಡವಾಗಿ ಒಯ್ದು, ರಿಂಗ್‌ಗಳನ್ನು ಒತ್ತಾಗಿ ಕಟ್ಟಿದ್ದರೆ ಕುಸಿತ ಅರ್ಧಕ್ಕಿಂತ ಹೆಚ್ಚು ತಗ್ಗುತ್ತಿತ್ತೆಂದು ತನಿಖೆ ಹೇಳಿತು. ಮರುವರ್ಷ ಸೌದಿ ಅರೇಬಿಯಾದ ಖೋಬರ್ ಟವರ್ಸ್ ಎದುರು ಇನ್ನೂ ದೊಡ್ಡ ಬಾಂಬ್ ಸಿಡಿದಾಗ ಕಟ್ಟಡದ ಮುಖ ಕಳಚಿತು, 19 ಮಂದಿ ಸತ್ತರು. ಬಾಂಬ್ ದೂರವಿದ್ದುದರಿಂದಲೂ ಭಾಗಗಳು ಒಂದಕ್ಕೊಂದು ಬೆಸೆದಿದ್ದರಿಂದಲೂ ಕಟ್ಟಡ ಮಾತ್ರ ನಿಂತಿತು.

ಗಾಜಿನ ಪಾಠ ನೈರೋಬಿಯದು. 1998ರಲ್ಲಿ ಅಲ್ಲಿನ ಅಮೆರಿಕ ರಾಯಭಾರ ಕಚೇರಿಯ ಮೇಲೆ ಬಾಂಬ್ ದಾಳಿಯಾದಾಗ, ಮೊದಲ ಸಣ್ಣ ಸದ್ದಿಗೆ ಕಿಟಕಿಗೆ ಬಂದವರ ಮೇಲೆ ಮುಖ್ಯ ಸ್ಫೋಟದ ಚೂರುಗಳು ಎರಗಿದವು, ಅನೇಕರು ಕಣ್ಣು ಕಳೆದುಕೊಂಡರು. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಚೂರುಗಳನ್ನು ಹಿಡಿದಿಡುತ್ತದೆ.

ಇವೆಲ್ಲಕ್ಕಿಂತ ಪರಿಣಾಮಕಾರಿ ಉಪಾಯ ದೂರ. ಅಂತರ ಎರಡು ಪಟ್ಟಾದರೆ ಅದೇ ಒತ್ತಡಕ್ಕೆ ಎಂಟು ಪಟ್ಟು ಸ್ಫೋಟಕ ಬೇಕು. ಅದಕ್ಕೇ ರಾಯಭಾರ ಕಚೇರಿಗಳು ರಸ್ತೆಯಿಂದ ಹಿಂದೆ ಸರಿದವು. ಅಪಾಯಕಾರಿ ದಾಸ್ತಾನನ್ನು ಊರಿಂದ ದೂರವಿಡುವುದೂ ಇದೇ ಲೆಕ್ಕ. 2020ರಲ್ಲಿ ಬೈರೂತ್ ಬಂದರಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ನಗರದ ಮಗ್ಗುಲಲ್ಲೇ ಇತ್ತು. ಅದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು.

ಪ್ರತಿ ಕಟ್ಟಡವನ್ನೂ ಕೋಟೆಯಾಗಿಸುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಭೂಕಂಪಕ್ಕಾಗಿ ಭಾರತದ ಐಎಸ್ 13920 ಮಾನದಂಡ ಹೇಳುವ ಕಂಬಿ ಕಟ್ಟುವ ಕ್ರಮವೇ ಸ್ಫೋಟದಲ್ಲೂ ಜೀವ ಉಳಿಸಬಲ್ಲದು. ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ, ಗಾಜಿನ ಮುಖದ ಕಚೇರಿ ಕಟ್ಟುವವರು ನಕ್ಷೆಯ ಹಂತದಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಒಂದು ಕಂಬ ಹೋದರೆ ಉಳಿದದ್ದು ನಿಲ್ಲುತ್ತದೆಯೇ? ಉತ್ತರ ಇಲ್ಲವೆಂದಾದರೆ ನಕ್ಷೆ ಬದಲಾಗಲೇಬೇಕು.