ಎಷ್ಟನೆಯ ಎರಕ, ಯಾರ ಕೈಯದು?

2025ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸೋದ್‌ಬೀಸ್ ಹರಾಜಿನಲ್ಲಿ ಸುಮಾರು ಎರಡಡಿ ಎತ್ತರದ ಕಂಚಿನ ತಲೆಯೊಂದು ಸವಾಲಿಗೆ ಬಂತು. ಸ್ವಿಸ್ ಶಿಲ್ಪಿ ಆಲ್ಬರ್ಟೊ ಜಾಕೊಮೆತ್ತಿ ತನ್ನ ತಮ್ಮ ಡಿಯೆಗೊನನ್ನು ಕಂಡರಿಸಿದ ‘ಗ್ರಾಂಡ್ ತೆತ್ ಮ್ಯಾಂಸ್’ ಅದು. ಪಕ್ಕದಿಂದ ನೋಡಿದರೆ ಅಗಲ ಮುಖ, ಎದುರಿಗೆ ನಿಂತರೆ ಕೊಡಲಿಯ ಅಲಗಿನಷ್ಟು ಸಪೂರ. ಕಂಚಿನ ಮೇಲೆ ಕಲಾವಿದ ಕೈಯಾರೆ ಬಳಿದ ಬಣ್ಣ. 7 ಕೋಟಿ ಡಾಲರ್ ದಾಟೀತೆಂಬ ಅಂದಾಜಿತ್ತು, ಕೂಗು 6.425 ಕೋಟಿಗೆ ನಿಂತುಹೋಯಿತು. ಶಿಲ್ಪ ಮಾರಾಟವಾಗಲಿಲ್ಲ.

2010ರಲ್ಲಿ ಇದೇ ತಲೆಯ ಇನ್ನೊಂದು ಪ್ರತಿ ಕ್ರಿಸ್ಟೀಸ್‌ನಲ್ಲಿ 5.33 ಕೋಟಿ ಡಾಲರಿಗೆ ಹೋಗಿತ್ತು. ಆಧುನಿಕ ಕಂಚಿನ ಶಿಲ್ಪದ ಕಥೆಯೆಲ್ಲ ಆ ‘ಇನ್ನೊಂದು ಪ್ರತಿ’ಯ ಸುತ್ತಲೇ ಬೆಳೆದಿದೆ.

ಕಂಚು ಎರಡು ಸಲ ಹುಟ್ಟುತ್ತದೆ, ಮೊದಲು ಶಿಲ್ಪಿಯ ಬೆರಳಲ್ಲಿ, ಆಮೇಲೆ ಕುಲುಮೆಯಲ್ಲಿ. ಜೇಡಿಮಣ್ಣಿನಲ್ಲಿ ಮಾಡಿದ್ದಕ್ಕೆ ಅಚ್ಚು ತೆಗೆದು, ಅದರಿಂದ ಮೇಣದ ಪ್ರತಿ ಮಾಡಿ, ಮೇಲೆ ಮಣ್ಣು ಮೆತ್ತಿ ಕಾಯಿಸುತ್ತಾರೆ. ಮೇಣ ಕರಗಿ ಹರಿದು ಹೋದ ಪೊಳ್ಳಿಗೆ ಕಂಚು ಹೊಯ್ಯುತ್ತಾರೆ. ಆರಿದ ಮೇಲೆ ಉಳಿ, ಅರಗಳಿಂದ ತೀಡಿ, ಜ್ವಾಲೆ ಹಾಯಿಸಿ ರಾಸಾಯನಿಕ ಬಳಿದು ಹಸಿರೋ ಕಂದೋ ಛಾಯೆ ತರಿಸುತ್ತಾರೆ. ಮೇಣದೆರಕದ ಈ ಮೂಲ ವಿಧಾನ ನಮಗೂ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಇದನ್ನು ವಿವರಿಸಿದ್ದಾನೆ.

ಅಚ್ಚು ಇದ್ದಷ್ಟು ದಿನ ಪ್ರತಿಗಳೂ ಹುಟ್ಟುತ್ತಿರಬಹುದು. ಫ್ರಾನ್ಸಿನ ಶಿಲ್ಪಿ ರೋದಾ 1916ರಲ್ಲಿ ತನ್ನ ಕೃತಿಗಳ ಜೊತೆಗೆ ಅವುಗಳ ಎರಕದ ಹಕ್ಕನ್ನೂ ಸರ್ಕಾರಕ್ಕೆ ಬರೆದುಕೊಟ್ಟ. ಅವನು ತೀರಿಕೊಂಡ ಮೇಲೂ ಪ್ಯಾರಿಸಿನ ರೋದಾ ಮ್ಯೂಸಿಯಂ ಎರಕ ಹೊಯ್ಯಿಸುತ್ತಲೇ ಬಂತು. ಫ್ರೆಂಚ್ ಕಲಾವಿದ ಡೆಗಾ 1881ರಲ್ಲಿ ಜನರೆದುರು ಇಟ್ಟಿದ್ದು ಮೇಣದ ಪುಟ್ಟ ನರ್ತಕಿಯನ್ನು. ಕಂಚಿನ ನರ್ತಕಿಯರೆಲ್ಲ 1917ರಲ್ಲಿ ಅವನು ತೀರಿಕೊಂಡ ಮೇಲೆ ಹುಟ್ಟಿದವರು. ಅವರಲ್ಲೊಬ್ಬಳು 2022ರಲ್ಲಿ 4.16 ಕೋಟಿ ಡಾಲರ್ ತಂದಳು. ಫ್ರೆಂಚ್ ಕಾನೂನು ಕೊನೆಗೆ ಮಿತಿ ಹಾಕಿತು: ಅಂಕಿ ಹಾಕಿದ 8, ಕಲಾವಿದನ ಪ್ರತಿಗಳು 4, ಒಟ್ಟು 12. ಅದಕ್ಕಿಂತ ಹೆಚ್ಚಾದರೆ ಅದು ಮೂಲ ಕೃತಿಯಲ್ಲ.

ರೊಮೇನಿಯಾದ ಬ್ರಂಕೂಶಿಯ ದಾರಿ ಬೇರೆ. 1907ರಲ್ಲಿ ರೋದಾನ ಕಾರ್ಯಾಗಾರಕ್ಕೆ ಸೇರಿದವನು ಸ್ವಲ್ಪ ಕಾಲದಲ್ಲೇ ಹೊರಬಂದ. ಎರಕ ಬಂದ ಮೇಲೆ ಕನ್ನಡಿಯಂತೆ ಹೊಳೆಯುವವರೆಗೆ ಕೈಯಿಂದ ಉಜ್ಜುವುದೇ ಅವನಿಗೆ ಮುಖ್ಯ ಕೆಲಸವಾಗಿತ್ತು. 1926ರಲ್ಲಿ ಅವನ ‘ಬರ್ಡ್ ಇನ್ ಸ್ಪೇಸ್’ ನ್ಯೂಯಾರ್ಕ್ ಬಂದರಿಗೆ ಬಂದಿಳಿದಾಗ ಸುಂಕದವರಿಗೆ ಅದರಲ್ಲಿ ರೆಕ್ಕೆ ಕಾಣಲಿಲ್ಲ, ಕೊಕ್ಕು ಕಾಣಲಿಲ್ಲ. ಅಡುಗೆಮನೆ ಪಾತ್ರೆ, ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇಕಡಾ 40 ಸುಂಕ ಹಾಕಿದರು. ಅದನ್ನು ಕೊಂಡಿದ್ದವನು ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್. ಬ್ರಂಕೂಶಿಯ ಹೆಸರಿನಲ್ಲಿ ಮೊಕದ್ದಮೆ ನಡೆದು, 1928ರಲ್ಲಿ ನ್ಯಾಯಾಲಯ ಇದು ಕಲೆಯೇ ಎಂದು ತೀರ್ಪಿತ್ತಿತು. 2018ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ಬ್ರಂಕೂಶಿ ಹೊಳೆವ ಕಂಚಿನಲ್ಲಿ ಮಾಡಿದ ನ್ಯಾನ್ಸಿ ಕ್ಯುನಾರ್ಡ್ ಎಂಬಾಕೆಯ ಭಾವಶಿಲ್ಪ 7.1 ಕೋಟಿ ಡಾಲರಿಗೆ ಮಾರಾಟವಾಯಿತು.

ಬೆಲೆಯ ನಿಜವಾದ ಜಿಗಿತ 2010ರಲ್ಲೇ ಕಂಡಿತ್ತು. ಆ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಜಾಕೊಮೆತ್ತಿಯ ಆಳೆತ್ತರದ ‘ನಡೆಯುವ ಮನುಷ್ಯ’ನಿಗೆ ಹೆಚ್ಚೆಂದರೆ 1.8 ಕೋಟಿ ಪೌಂಡ್ ಅಂದಾಜು ಮಾಡಿದ್ದರು, ಸಿಕ್ಕಿದ್ದು 6.5 ಕೋಟಿ. 2015ರಲ್ಲಿ ಅವನದೇ ‘ಬೆರಳು ತೋರುವ ಮನುಷ್ಯ’ 14.13 ಕೋಟಿ ಡಾಲರ್ ಮುಟ್ಟಿ ಶಿಲ್ಪಗಳ ದಾಖಲೆಯನ್ನೇ ಮುರಿದ. ಇಂಥ ಕೃತಿ ಹರಾಜಿಗೆ ಬಂದಾಗ ಬಲ್ಲವರು ಬಗ್ಗಿ ಮೊದಲು ನೋಡುವುದು ಬುಡದ ಅಂಚನ್ನು. ಸಹಿ, 3/6 (ಆರರಲ್ಲಿ ಮೂರನೆಯದು) ಎಂಬಂಥ ಅಂಕಿ, ರೂಡಿಯೆ ಅಥವಾ ಸ್ಯೂಸ್ ಎಂಬ ಎರಕದವರ ಮುದ್ರೆ ಅಲ್ಲಿರುತ್ತವೆ. ಕಲಾವಿದ ಬದುಕಿದ್ದಾಗಲೇ ಹೊಯ್ದದ್ದೋ, ಆಮೇಲಿನದೋ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ.

ಕಂಚಿನ ಬೆನ್ನಿಗೆ ನಕಲಿಗಾರರೂ ಕಳ್ಳರೂ ಅದಕ್ಕೂ ಮೊದಲೇ ಬಿದ್ದಿದ್ದರು. 2009ರಲ್ಲಿ ಜರ್ಮನಿಯ ಮೈಂಟ್ಸ್ ಬಳಿಯ ಗೋದಾಮಿನಲ್ಲಿ ಪೊಲೀಸರಿಗೆ ಸುಮಾರು ಸಾವಿರ ನಕಲಿ ಜಾಕೊಮೆತ್ತಿಗಳು ಸಿಕ್ಕವು. 2005ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪೆರಿ ಗ್ರೀನ್‌ನಿಂದ ಶಿಲ್ಪಿ ಹೆನ್ರಿ ಮೂರ್‌ನ ಎರಡು ಟನ್ ತೂಕದ ಒರಗಿದ ಆಕೃತಿಯನ್ನು ಲಾರಿಗೇರಿಸಿ ಒಯ್ದರು. 30 ಲಕ್ಷ ಪೌಂಡ್ ಬಾಳುತ್ತಿದ್ದ ಆ ಶಿಲ್ಪವನ್ನು ಸುಮಾರು 1,500 ಪೌಂಡಿನ ಗುಜರಿ ಲೋಹಕ್ಕಾಗಿ ಕರಗಿಸಿಬಿಟ್ಟರೆಂದೇ ಪೊಲೀಸರು ತೀರ್ಮಾನಿಸಿದರು. ನೆನೆದರೆ ಹೊಟ್ಟೆ ಉರಿಯುತ್ತದೆ.

ಭಾರತದ ಮೀರಾ ಮುಖರ್ಜಿ (1923–1998) ಕಂಚಿನ ದಾರಿಯನ್ನು ಮತ್ತೊಂದು ತುದಿಯಿಂದ ಹಿಡಿದರು. 1950ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಓದಿ ಮರಳಿದ ಅವರು ಬಸ್ತಾರಿನ ಘಡವಾ ಕುಶಲಕರ್ಮಿಗಳ ಬಳಿ ಕೂತು ಎರಕ ಕಲಿತರು. ಅಲ್ಲಿ ಮೇಣವನ್ನು ದಾರದಂತೆ ಹೊಸೆದು ಮೂರ್ತಿಯ ಮೈಗೆ ನೇರವಾಗಿ ಸುತ್ತುತ್ತಾರೆ; ಆ ಎಳೆಗಳು ಮೀರಾರ ಕಂಚಿನ ಮೈಮೇಲೂ ಉಳಿದಿವೆ. ಕಂಚು ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕು. ಹಾಗೆ ಹುಟ್ಟಿದ್ದಕ್ಕೆ ಎರಡನೆಯ ಪ್ರತಿ ಇರುವುದಿಲ್ಲ.