ಚಿತ್ರದುರ್ಗದ ಸೆರೆಯಾಳುಗಳು ಮತ್ತು ಸ್ಮಾರಕದ ಪ್ರಶ್ನೆ

ಚಿತ್ರದುರ್ಗದ ಏಳುಸುತ್ತಿನ ಕೋಟೆಗೆ ಬರುವವರು ಮೊದಲು ವಿಚಾರಿಸುವುದು ಓಬವ್ವನ ಕಿಂಡಿಯನ್ನು. ಮದ್ದು ಬೀಸುವ ಕಲ್ಲುಗಳು, ಏಕನಾಥೇಶ್ವರಿ ಮತ್ತು ಹಿಡಿಂಬೇಶ್ವರ ಗುಡಿಗಳು, ಅಕ್ಕ-ತಂಗಿಯರ ಹೊಂಡ ಅನಂತರದವು. 1972ರ ‘ನಾಗರಹಾವು’ ಚಲನಚಿತ್ರವು ಒನಕೆ ಹಿಡಿದ ಆ ಹೆಣ್ಣುಮಗಳನ್ನು ನಾಡಿನ ಮನೆಮನೆಗೂ ತಲುಪಿಸಿದ ಮೇಲಂತೂ ಕೋಟೆಯ ಕಥೆಯೆಲ್ಲ ಆ ಕಿಂಡಿಯಲ್ಲೇ ತೂರಿ ಬರುವಂತಾಗಿದೆ. ಕೋಟೆ ಹೇಗೆ ಕಾದಿತೆಂಬುದನ್ನು ಪ್ರವಾಸಿ ತಿಳಿದು ಮರಳುತ್ತಾನೆ. ಕೋಟೆ ಬಿದ್ದ ಮೇಲೆ ಅದರೊಳಗಿನ ಜನ ಏನಾದರೆಂಬ ಪ್ರಶ್ನೆ ಅವನ ದಾರಿಯಲ್ಲಿ ಎದುರಾಗುವುದೇ ಇಲ್ಲ.

1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ಕಡೆಯ ಮದಕರಿನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಒಯ್ದರು. ನಾಯಕ ಸೆರೆಯಲ್ಲೇ ತೀರಿಕೊಂಡ. ಇಷ್ಟು ಭಾಗ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದವರಿಗೆಲ್ಲ ಪರಿಚಿತ. ಆದರೆ ಸೆರೆಹೋದವನು ನಾಯಕನೊಬ್ಬನೇ ಅಲ್ಲ. ಮಾರ್ಕ್ ವಿಲ್ಕ್ಸ್‌ನ ದಕ್ಷಿಣ ಭಾರತದ ಇತಿಹಾಸದ ಪ್ರಕಾರ ದುರ್ಗದ ಬೇಡರಲ್ಲಿ ಸುಮಾರು 20,000 ಮಂದಿಯನ್ನು ಎಬ್ಬಿಸಿ, ಶ್ರೀರಂಗಪಟ್ಟಣದ ದ್ವೀಪವನ್ನು ಜನಭರಿತವಾಗಿಸಲು ಅಲ್ಲಿಗೆ ಸಾಗಿಸಲಾಯಿತು. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆಯ್ದು, ಮತಾಂತರಿಸಿ, ‘ಚೇಲಾ’ ಎಂಬ ಹೆಸರಿನ ದಳಗಳನ್ನು ಕಟ್ಟಲಾಯಿತು. ಲೂಯಿಸ್ ರೈಸ್ ತನ್ನ ಗೆಝೆಟಿಯರಿನಲ್ಲಿ ಇದನ್ನೇ ಪುನರುಕ್ತಿಸಿದ. 20,000 ಎಂಬುದು ತೀರ ದುಂಡಗಿನ ಸಂಖ್ಯೆ. ಬರೆದವನು ಹೈದರ್-ಟಿಪ್ಪುಗಳ ಮನೆತನವನ್ನು ಸೋಲಿಸಿದ ಕಂಪನಿಯ ಅಧಿಕಾರಿ. ಈ ಎಚ್ಚರ ಓದುಗನಿಗೆ ಇರಬೇಕಾದುದೇ. ಆದರೆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಒಂದು ಊರೇ ಬುಡಸಮೇತ ಕಿತ್ತುಹೋದ ಸಂಗತಿ ಅಲ್ಲಿ ಉಳಿಯುತ್ತದೆ.

ಯುರೋಪಿನ ಪ್ರವಾಸದಲ್ಲಿ ಇಂಥ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟ. 1933ರಲ್ಲಿ ತೆರೆದ ಡಾಖಾವ್, ಸುಮಾರು 11 ಲಕ್ಷ ಜನರನ್ನು ಕೊಂದ ಆಶ್ವಿಟ್ಸ್ ಮೊದಲಾದ ನಾಜಿ ಯಾತನಾ ಶಿಬಿರಗಳು ಇಂದು ಸ್ಮಾರಕಗಳಾಗಿವೆ. ಆಶ್ವಿಟ್ಸ್ 1947ರಲ್ಲೇ ವಸ್ತುಸಂಗ್ರಹಾಲಯವಾಯಿತು. ದುರ್ಗದ ಸೆರೆಯನ್ನು ಆ ಶಿಬಿರಗಳೊಡನೆ ಸಮೀಕರಿಸುವುದು ಇತಿಹಾಸಕ್ಕೆ ಮಾಡುವ ಅಪಚಾರ. ಅಲ್ಲಿನ ಗುರಿ ಒಂದು ಜನಾಂಗದ ನಿರ್ಮೂಲನೆ. ಇಲ್ಲಿನದು ಜನರನ್ನು ಸಂಪತ್ತೆಂದು ಎಣಿಸಿ ರಾಜಧಾನಿಗೂ ಸೈನ್ಯಕ್ಕೂ ತುಂಬಿಕೊಳ್ಳುವುದು. ಹೋಲಿಕೆ ಇರುವುದು ಕೃತ್ಯಗಳಲ್ಲಲ್ಲ. ಸೆರೆಯ ನೆಲವನ್ನು ನೋಡಬಂದವನಿಗೆ ಏನನ್ನು ತೋರಿಸಬೇಕೆಂಬ ಪ್ರಶ್ನೆಯಲ್ಲಿ ಮಾತ್ರ.

ಆ ಪ್ರಶ್ನೆಗೆ ಶ್ರೀರಂಗಪಟ್ಟಣ ಕೊಡುವ ಉತ್ತರ ವಿಚಿತ್ರವಾದುದು. ಅಲ್ಲಿ ಸೆರೆಮನೆಯ ಸ್ಮಾರಕ ಇಲ್ಲದಿಲ್ಲ. 1780ರ ಪೊಲ್ಲಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು 1782ರಲ್ಲಿ ಅಲ್ಲೇ ಮಡಿದ ಕರ್ನಲ್ ಬೈಲಿಯ ಹೆಸರಿನ ನೆಲಮಾಳಿಗೆ ಪ್ರಸಿದ್ಧವಾಗಿದೆ. ಕೈದಿಗಳನ್ನು ಕಟ್ಟುತ್ತಿದ್ದ ಕಲ್ಲುಗಳನ್ನು ಮಕ್ಕಳಿಗೂ ತೋರಿಸುತ್ತಾರೆ. ಗುಂಬಜಿನ ಬಳಿ ಬೈಲಿಯ ನೆನಪಿನ ಕಟ್ಟಡವೂ ಇದೆ. ಕಂಪನಿಯ ಸೆರೆಯಾಳುಗಳಿಗೆ ಬರೆಯಲು ಬರುತ್ತಿತ್ತು. ಬದುಕಿ ಮರಳಿದವರು ತಮ್ಮ ಬಂಧನದ ಕಥೆಗಳನ್ನು ಅಚ್ಚುಹಾಕಿಸಿದರು, ಅವನ್ನು ಕೊಂಡು ಓದುವ ಜನ ಲಂಡನ್ನಿನಲ್ಲಿದ್ದರು. ದುರ್ಗದಿಂದ ನಡೆಸಿಕೊಂಡು ಬಂದ ಬೇಡರಿಗೆ ಈ ಎರಡೂ ಇರಲಿಲ್ಲ.

ಆದರೆ ಬರವಣಿಗೆಯ ಅಭಾವವೊಂದೇ ಕಾರಣವೆಂದರೆ ಕನ್ನಡ ನಾಡಿನ ಮಟ್ಟಿಗೆ ಅದು ಅರ್ಧ ಸತ್ಯ. ಸಾಮಾನ್ಯನ ಸಾವನ್ನು ಕಲ್ಲಿನಲ್ಲಿ ನಿಲ್ಲಿಸುವ ರೂಢಿ ಈ ನಾಡಿನಷ್ಟು ದಟ್ಟವಾಗಿ ಬೇರೆಡೆ ಕಾಣುವುದು ಅಪರೂಪ. ತುರುಗೊಳ್‌ನಲ್ಲಿ ಬಿದ್ದ ಆಳಿಗೆ ವೀರಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನದಿಂದ ಮುಡಿಪಿದ ಮುನಿ-ಶ್ರಾವಕರಿಗೆ ನಿಸಿದಿಗಲ್ಲು. ಈ ಕಲ್ಲುಗಳಿಗೆಲ್ಲ ಒಂದು ಸಮಾನ ನಿಯಮವಿದೆ: ಸಾವು ಘಟಿಸಿರಬೇಕು, ಅದನ್ನು ಕಂಡವರಿರಬೇಕು, ನೆನೆಯುವವರು ಊರಲ್ಲಿ ಉಳಿದಿರಬೇಕು. ಹೆಣ್ಣುಮಕ್ಕಳ ಅಪಹರಣವನ್ನು ಶಾಸನಗಳು ‘ಪೆಣ್ಬುಯ್ಯಲ್’ ಎಂದು ಕರೆದು ನೆನಪಿಟ್ಟಿವೆ. ಅಲ್ಲಿಯೂ ಕಲ್ಲು ನಿಂತದ್ದು ಬಿಡಿಸಲು ಹೋಗಿ ಮಡಿದ ಗಂಡಿಗೆ, ಒಯ್ಯಲ್ಪಟ್ಟ ಹೆಣ್ಣಿಗಲ್ಲ. ಸೆರೆಹೋದವರು ಸತ್ತವರೂ ಅಲ್ಲ, ಇದ್ದವರೂ ಅಲ್ಲ. ಅವರಿಗೊಂದು ಕಲ್ಲಿನ ಪ್ರಕಾರವನ್ನು ಕನ್ನಡ ಸಂಪ್ರದಾಯ ರೂಪಿಸಲೇ ಇಲ್ಲ. ಊರಿಗೆ ಊರೇ ಹೋದಾಗ ಕಲ್ಲು ನೆಡಲು ಉಳಿದವರಾದರೂ ಯಾರು?

ದುರ್ಗದ ಸೀಮೆಯಲ್ಲೇ ಸುತ್ತಾಡಿದರೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊಸದುರ್ಗದ ಬೆಟ್ಟದ ಕೋಟೆ 1675ರಲ್ಲಿ ಚಿಕ್ಕಣ್ಣನಾಯಕ ಕಟ್ಟಿಸಿದ್ದು. ಅದೇ ತಾಲ್ಲೂಕಿನ ಹೆಗ್ಗೆರೆಯಲ್ಲಿ ಅದಕ್ಕಿಂತ ಐದು ಶತಮಾನ ಹಿಂದಿನ ಪಾರ್ಶ್ವನಾಥ ಬಸದಿಯಿದೆ. ಹುಳಿಯಾರಿನ ಸಾಮಂತ ಗೋಯಿದೇವನು ಮೃತಳಾದ ತನ್ನ ಹೆಂಡತಿ ಮಹಾದೇವಿ ನಾಯಕಿತಿಯ ನೆನಪಿಗಾಗಿ ಕಟ್ಟಿಸಿದ ಜಿನಾಲಯವದು. ಗಾತ್ರ ಚಿಕ್ಕದು, ಆದರೆ ಹೊಯ್ಸಳರ ಕಾಲದ ಒಬ್ಬ ಹೆಣ್ಣುಮಗಳ ಹೆಸರನ್ನು ಶಾಸನದಲ್ಲಿ ಇಂದಿಗೂ ಓದಬಹುದು. ಒಂದು ಸಾವಿಗೆ ಒಂದು ಬಸದಿ. ಅದೇ ಸೀಮೆಯ ಸಾವಿರಾರು ಜನರ ಅಗಲಿಕೆಗೆ ಒಂದು ಸಾಲೂ ಇಲ್ಲ.

ಹೊಳಲ್ಕೆರೆ ಮತ್ತು ಹಿರಿಯೂರುಗಳಿಗೆ ಈ ಕಥೆಯಲ್ಲಿ ಆರಂಭದ ಪಾತ್ರವಿದೆ. ಮನೆತನದ ಮೂಲಪುರುಷ ತಿಮ್ಮಣ್ಣನಾಯಕನು ವಿಜಯನಗರದಿಂದ ಮೊದಲು ಹೊಳಲ್ಕೆರೆಯ, ಬಳಿಕ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತನವನ್ನು ಪಡೆದ. ಮುಂದೆ ಅರಸರ ಅವಕೃಪೆಗೆ ಗುರಿಯಾಗಿ ವಿಜಯನಗರದ ಸೆರೆಯಲ್ಲೇ ಸತ್ತ. ಮನೆತನದ ಮೊದಲಿಗನೂ ಕಡೆಯವನೂ ಪರರ ರಾಜಧಾನಿಯಲ್ಲಿ ಬಂದಿಗಳಾಗಿ ಸತ್ತರೆಂಬುದನ್ನು ದುರ್ಗದ ವೀರಕಥನಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ. ವೀರಕಥನಕ್ಕೆ ಸೆರೆ ಒಗ್ಗುವ ವಸ್ತುವಲ್ಲ.

ಸೆರೆಯೊಯ್ದವರ ಲೆಕ್ಕವನ್ನು ಗೆದ್ದವನೇ ಕಲ್ಲಿನಲ್ಲಿ ಕೊರೆಸಿದ ನಿದರ್ಶನ ಭಾರತದಲ್ಲಿ ಇಲ್ಲವೆನ್ನುವಂತಿಲ್ಲ. ಅಶೋಕನ ಹದಿಮೂರನೆಯ ಬಂಡೆಶಾಸನವು ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತೆಂದೂ ಒಂದು ಲಕ್ಷ ಜನ ಹತರಾದರೆಂದೂ ಹೇಳುತ್ತದೆ. ಸಾಗಿಸಲ್ಪಟ್ಟವರನ್ನು ಸತ್ತವರಿಗಿಂತ ಮೊದಲು ಎಣಿಸಿರುವುದು ಗಮನಾರ್ಹ. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಶಾಸನವನ್ನು ಬಿಡಲಾಗಿದೆ. ನೊಂದವರ ಎದುರಿಗೆ ಲೆಕ್ಕ ತೆರೆದಿಡಲು ಪಶ್ಚಾತ್ತಾಪಪಟ್ಟ ಅರಸನಿಗೂ ಧೈರ್ಯ ಸಾಲಲಿಲ್ಲವೇನೋ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವುದೂ ಅವನ ಕಿರುಶಾಸನ. ಅದು ಧರ್ಮವನ್ನು ಹೇಳುತ್ತದೆ, ಯುದ್ಧವನ್ನಲ್ಲ.

ಜರ್ಮನಿಯ ಶಿಲ್ಪಿ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಆರಂಭಿಸಿದ ಕೆಲಸವೊಂದು ಇಲ್ಲಿ ನೆನಪಾಗಬೇಕು. ಶಿಬಿರಗಳಿಗೆ ಒಯ್ಯಲ್ಪಟ್ಟವರ ಮನೆಗಳ ಮುಂದಿನ ಕಾಲುದಾರಿಯಲ್ಲಿ ಅಂಗೈ ಅಗಲದ ಹಿತ್ತಾಳೆಯ ಬಿಲ್ಲೆಗಳನ್ನು ಅವನು ಹುದುಗಿಸುತ್ತ ಬಂದ. ಹೆಸರು, ಹುಟ್ಟಿದ ವರ್ಷ, ಒಯ್ದ ವರ್ಷ, ಗತಿ: ಇಷ್ಟೇ. ಸ್ಮಾರಕವು ಸತ್ತ ಜಾಗದಲ್ಲಿಲ್ಲ, ಎಬ್ಬಿಸಿ ಕರೆದೊಯ್ದ ಹೊಸ್ತಿಲಲ್ಲಿದೆ. ವೀರಗಲ್ಲು-ನಿಸಿದಿಗಳ ನಿಯಮ ಒಪ್ಪದ ಸ್ಥಳವೇ ಸೆರೆಯಾಳಿನ ಸ್ಮಾರಕಕ್ಕೆ ಒಪ್ಪುವ ಸ್ಥಳ. ಈ ದೃಷ್ಟಿಯಿಂದ ನೋಡಿದರೆ ದುರ್ಗದ ಬೇಡರ ನೆನಪಿಗೆ ತಾಣವನ್ನು ಶ್ರೀರಂಗಪಟ್ಟಣದಲ್ಲಿ ಅರಸಬೇಕಿಲ್ಲ. ಕೋಟೆಯ ಹೆಬ್ಬಾಗಿಲು ಅಲ್ಲೇ ಇದೆ. ಟಿಕೆಟ್ ಪಡೆದವರೆಲ್ಲ ಅದರಲ್ಲೇ ಒಳಹೋಗುತ್ತಾರೆ. ಹೆಸರುಗಳು ಉಳಿದಿಲ್ಲ, ನಿಜ. 1779 ಎಂಬ ವರ್ಷ ಉಳಿದಿದೆ.

ದುರ್ಗದಿಂದ ಹೊರಟ ಹೆದ್ದಾರಿ ಹಿರಿಯೂರು ದಾಟಿ ಶಿರಾ ಸೇರುತ್ತದೆ. ಶಿರಾದ 12,000 ಕುಟುಂಬಗಳನ್ನು ಮುಂದೆ ಟಿಪ್ಪು ಹೀಗೆಯೇ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನೆಲೆಗೊಳಿಸಿದನೆಂದು ರೈಸ್ ದಾಖಲಿಸಿದ್ದಾನೆ. ಗುಂಬಜಿಗೂ ನಿಮಿಷಾಂಬಾ ಗುಡಿಗೂ ಹೋಗುವವರು ಇಂದು ದಿನವೂ ಆ ಗಂಜಾಮನ್ನು ಹಾದುಹೋಗುತ್ತಾರೆ.